ಮೀನಿಗೆ ತಾಮ್ರದ ಕೊಡದ ನೀರು

ಹೊನ್ನಾಳಿಯ ಬಾಡಿಗೆ ಮನೆಯ ಗಾಜಿನ ತೊಟ್ಟಿಯಲ್ಲಿ ಹನ್ನೊಂದು ಮೀನುಗಳಿದ್ದವು ಎಂದು ಇಷ್ಟು ವರ್ಷ ಹೇಳುತ್ತಾ ಬಂದಿದ್ದೇನೆ. ಒಂಬತ್ತೂ ಇರಬಹುದು. ಸರಿಯಾಗಿ ಎಣಿಸಿದ್ದು ಸತ್ತವುಗಳನ್ನು ಮಾತ್ರ. ಆರು.

ಎಪ್ಪತ್ತರ ದಶಕದ ಕೊನೆ. ನಮ್ಮ ಮನೆಯವರಿಗೆ ಆರೋಗ್ಯ ಇಲಾಖೆಯಲ್ಲಿ ಕೆಲಸ. ಸೊಳ್ಳೆ ಮರಿ ತಿನ್ನಲೆಂದು ಊರೂರಿನ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಬರುತ್ತಿದ್ದರು. ಒಮ್ಮೆ ನ್ಯಾಮತಿ ಕಡೆಯ ಬಾವಿಗೆ ಬಿಟ್ಟು ಮಿಕ್ಕವು ಗಾಜಿನ ಬಾಟಲಿಯಲ್ಲಿ ಮನೆಗೆ ಬಂದವು. ಬೆರಳಿನ ಗೆಣ್ಣಿನಷ್ಟುದ್ದದ, ಯಾರ ತಂಟೆಗೂ ಹೋಗದ ಮೀನು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿಗೆ ಗಾಜು ಕೂರಿಸಿ, ಪುಟ್ಟಿ ಮೆತ್ತಿಸಿ ತೊಟ್ಟಿ ಮಾಡಿಸಿದೆವು. ಮರಳು ಹೊಳೆಯಿಂದ ತಂದದ್ದು. ಅದರಲ್ಲಿ ನೆಟ್ಟ ಉದ್ದೆಲೆಯ ನೀರುಹುಲ್ಲೂ ಹೊಳೆಯದೇ.

ಅತ್ತೆ ಲಿಂಗಪೂಜೆ ಮುಗಿಯದೆ ಗುಟುಕು ನೀರೂ ಕುಡಿಯದವರು. ತೊಟ್ಟಿ ನೋಡಿ, "ಲಿಂಗ ಕಟ್ಟಿದ ಮನೆಯಾಗೆ ಮೀನಾ? ಓಣಿ ಜನ ಏನಂತಾರೆ?" ಅಂದರು.

"ಸಾಕಾಕೆ ಅತ್ತೆ, ತಿನ್ನಾಕಲ್ಲ."

"ಅದನ್ನ ಓಣಿಗೆಲ್ಲ ನೀನೇ ಡಂಗುರ ಸಾರ್ಕಂಡು ಬಾ."

ತಿಂಗಳು ಕಳೆಯುವುದರೊಳಗೆ ಅವರ ಸ್ಟೂಲು ತೊಟ್ಟಿಯ ಮುಂದಿತ್ತು. ಪಾಲಕ್ ಬೇಯಿಸಿ, ಕಿವುಚಿ, ಉಗುರಿನ ತುದಿಯಲ್ಲಿ ಹಾಕುವರು. ನೀರಿನ ಬಾನಿಯಲ್ಲಿ ನಾನು ಹಿಡಿದ ಸೊಳ್ಳೆ ಮರಿಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಆ ಪಾಪ ನಿಂದು, ನಂಗೆ ಬ್ಯಾಡ." ಹೊಟ್ಟೆ ದಪ್ಪಗಿದ್ದ ಒಂದು ಹೆಣ್ಣು ಮೀನನ್ನು ಗೌಡ್ತಿ ಎಂದು ಕರೆಯುತ್ತಿದ್ದರು. ಯಾರಾದರೂ ಬಂದರೆ "ನಮ್ಮ ಮೀನು ನೋಡ್ರಿ" ಅನ್ನುವರು.

ಮುಂಗಾರಿಗೆ ಹೊಳೆಗೆ ಹೊಸ ನೀರು ಬಂತು, ನಲ್ಲಿಯಲ್ಲಿ ಕೆಂಪು ನೀರು. ಅದೇ ಹೊತ್ತಿಗೆ ಅಣ್ಣನ ಮಗುವಿನ ನಾಮಕರಣವೆಂದು ನಾನು ಚನ್ನಗಿರಿಗೆ ಹೋಗಿ ಎಂಟು ದಿನ ಉಳಿದೆ. ವಾಪಸು ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಅಂಗೈಯಗಲದ ಬಾಳೆಲೆ ಚೂರಿನ ಮೇಲೆ ಆರು ಮೀನುಗಳನ್ನು ಸಾಲಾಗಿ ಮಲಗಿಸಿದ್ದರು.

"ಬೆಳಿಗ್ಗೆ ನೋಡ್ತೀನಿ, ಹಿಂಗಾಗ್ಯವೆ. ಕೆಂಪು ನೀರು ಒಂದು ತೊಟ್ಟೂ ಹಾಕಿಲ್ಲವ್ವ. ಪೂಜೆ ಕೊಡದ ನೀರೇ ಹಾಕಿದೀನಿ, ದಿನಾ ಎರಡು ತಂಬಿಗೆ."

ಪೂಜೆಯ ಕೊಡ ತಾಮ್ರದ್ದು. ದಿನವೂ ಹುಣಸೆಹಣ್ಣು ಹಾಕಿ ತಿಕ್ಕಿ, ಸಂಜೆ ಬಟ್ಟೆಯಲ್ಲಿ ಸೋಸಿದ ನೀರು ತುಂಬಿಟ್ಟರೆ ಮಾರನೆಯ ಬೆಳಿಗ್ಗೆ ಲಿಂಗಕ್ಕೂ ಅದೇ, ನಮಗೆ ಕುಡಿಯಲೂ ಅದೇ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ನೀರಿರಲಿಲ್ಲ.

ನಮ್ಮ ಮನೆಯವರು ತೊಟ್ಟಿಗೆ ಮೂಗು ಹತ್ತಿರ ತಂದು ನೋಡಿ, "ತಾಮ್ರ" ಎಂದರು. "ನಮಗೆ ಒಳ್ಳೇದೇ. ಇಷ್ಟು ಸಣ್ಣ ಮೀನು ತಡೆಯಲ್ಲ. ಮೈಲುತುತ್ತದಾಗೂ ಇರಾದು ತಾಮ್ರನೇ ಅಲ್ವಾ?" ಅಣ್ಣನ ತೋಟದಲ್ಲಿ ಅಡಿಕೆಗೆ ಮೈಲುತುತ್ತ ಹೊಡೆದು ಡ್ರಮ್ಮು ತೊಳೆದ ಹೊಂಡದಲ್ಲಿ ಮೀನುಗಳು ಬೆಳ್ಳಗೆ ತೇಲಿದ್ದು ನನಗೆ ಗೊತ್ತಿತ್ತು.

ಇದನ್ನು ಅತ್ತೆಗೆ ಮೆಲ್ಲಗೆ ತಿಳಿಸಿ ಹೇಳಿದೆ ಎಂದು ಹಿಂದೆ ಒಂದು ಕಡೆ ಬರೆದಿದ್ದೇನೆ. ಅದು ಸುಳ್ಳು. "ನೀವೇ ವಿಷ ಹಾಕಿದ್ರಿ" ಅಂದೆ.

ಅತ್ತೆ ಸ್ಟೂಲು ಎತ್ತಿಕೊಂಡು ಅಡುಗೆಮನೆಗೆ ಹೋದರು.

ಉಳಿದ ಮೀನುಗಳಿಗೆ ದಿನಕ್ಕಿಷ್ಟು ನೀರು ಬದಲಿಸಿದೆ. ಮಣ್ಣಿನ ಹರವಿ ತಂದು ಬಚ್ಚಲ ಪಕ್ಕ ಇಟ್ಟು, "ಇದು ಮೀನಿನ ನೀರು ಅತ್ತೆ" ಎಂದೆ.

"ನಿನ್ ಮೀನು, ನೀನೇ ನೋಡ್ಕ."

ಪಾಲಕ್ ಬೇಯಿಸುವುದು ನಿಂತಿತು. ಅದನ್ನು ಹೇಗೋ ಸಹಿಸಬಹುದಿತ್ತು. ಆದರೆ ಬೆಳಗಿನ ಪೂಜೆಗೆ ಕೊಡಕ್ಕೆ ತಂಬಿಗೆ ಇಳಿಸುವಾಗ ಅವರ ಕೈ ಒಂದು ಗಳಿಗೆ ತಡೆಯುತ್ತಿತ್ತು. ಜೀವಮಾನವೆಲ್ಲ ನಂಬಿದ ನೀರು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ದಾರಿ ತಿಳಿಯಲಿಲ್ಲ.

ಎರಡು ವಾರವೋ ಮೂರೋ. ನಾನು ಟೀಚರಾಗಿದ್ದ ಶಾಲೆಯಲ್ಲಿ ಪಾಠ ಮುಗಿಸಿ ಸಂಜೆ ಮನೆಗೆ ಬಂದರೆ ಅತ್ತೆ ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದರು. ಕೂತಿರಲಿಲ್ಲ.

"ಇಲ್ಲಿ ಬಾ. ಹುಲ್ಲಿನ ಸಂದಿ ನೋಡು, ಜೀರಿಗೆ ಕಾಳಿನಂಗೆ ಏನೋ ಓಡಾಡ್ತೈತೆ."

ಗೌಡ್ತಿ ಹೆತ್ತಿದ್ದಳು. ಕಣ್ಣೇ ಹೆಚ್ಚು, ಮೈಯೇ ಕಡಿಮೆ ಎನ್ನುವಂಥ ಮರಿಗಳು.

"ಹೆತ್ತವಳೇ ತಿಂತಾಳಂತೆ, ನನ್ನ ಮಗ ಹೇಳ್ತಿದ್ದ."

"ಹುಲ್ಲು ದಟ್ಟಗೈತೆ ಅತ್ತೆ, ಅವಿತ್ಕಂತಾವೆ."

"ಇವಳ ಬಾಣಂತನ ಯಾರು ಮಾಡಾದು? ನೀನೋ ಇಸ್ಕೂಲಿಗೆ ಓಡ್ತೀಯ."

ಆಗ ನನ್ನ ಬಾಯಿಂದ ಬಂತು: "ಅತ್ತೆ, ಆ ಕೊಡದ ನೀರು ನಾನೂ ಹಾಕಿದ್ದೆ. ಚನ್ನಗಿರಿಗೆ ಹೊರಟ ದಿನ, ಒಂದು ತಂಬಿಗೆ. ನಿಮಗೊಬ್ರಿಗೇ ಅಂದಿದ್ದು ತಪ್ಪಾಯ್ತು."

ಅವರು ನನ್ನ ಮುಖ ನೋಡಿದರು. "ಬಸ್ಸಿಗೆ ಹೊತ್ತಾತು ಅಂತ ಕಾಫಿನೂ ಕುಡೀದೆ ಓಡಿದೋಳು ನೀನು. ಮೀನಿಗೆ ಯಾವಾಗ ಹಾಕ್ದೆ?"

ನಾನು ಬಗ್ಗಿ ಹುಲ್ಲಿನ ಸಂದಿ ನೋಡತೊಡಗಿದೆ.

"ಹರವಿಯಿಂದ ಒಂದು ತಂಬಿಗೆ ತಗಂಡು ಬಾ ಹೋಗು. ನಮ್ಮ ಮೀನಿಗೆ ನೀರು ಕಮ್ಮಿ ಆಗ್ಯದೆ," ಎಂದು ಅವರು ಸ್ಟೂಲು ತರಲು ಒಳಗೆ ಹೋದರು.

ಹೊರಟ ದಿನ ನಾನು ನಿಜಕ್ಕೂ ನೀರು ಹಾಕಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ತುಂಬಿದ ತಂಬಿಗೆಯ ಭಾರ ಕೈಗೆ ನೆನಪಿದೆ. ಅದು ಆ ಬೆಳಗಿನದಿರಬಹುದು. ಅತ್ತೆ ಸ್ಟೂಲು ಹಿಡಿದು ಬರುವುದರೊಳಗೆ ನಾನು ಹರವಿಯಿಂದ ತುಂಬಿಕೊಂಡು ತಂದ ತಂಬಿಗೆಯದೂ ಇರಬಹುದು.