ಜರ್ಮನಿಯಮ್ಮನ ಬಾಗಿಲು

ಮೊನ್ನೆ ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ರಸ್ತೆ ಬದಿಯ ಹೊಲದಲ್ಲಿ ಯಾರೋ ಅರಿಸಿನ ಬೇಯಿಸುತ್ತಿದ್ದರು. ಮಣ್ಣು ಬೆರೆತ ಆ ಬಿಸಿ ವಾಸನೆ ಒಳಗೆ ನುಗ್ಗಿತು ನೋಡಿ, ಪಕ್ಕದವರು ಏನೋ ಕೇಳಿದ್ದು ನನ್ನ ಕಿವಿಗೇ ಬೀಳಲಿಲ್ಲ. ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಂದು ಮುಚ್ಚಿದ ಬಾಗಿಲು...

ಏಳೆಂಟು ವರ್ಷದ ಹಿಂದೆ ನಮ್ಮ ಅಂಗಳದಾಚೆಯ ಕೋಣೆಗೆ ಜರ್ಮನಿಯಿಂದ ಒಬ್ಬಾಕೆ ಬಾಡಿಗೆಗೆ ಬಂದಿದ್ದಳು. ಕಾಡಂಚಿನ ಜೇನಿನ ಬಗ್ಗೆ ಏನೋ ಓದು. ಹಗಲೆಲ್ಲ ಹಂಗಳದ ಕಡೆ ಸ್ಕೂಟರಿನಲ್ಲಿ ಓಡಾಟ, ಸಂಜೆಯಾದರೆ ಬಾಗಿಲು ಮುಚ್ಚಿಕೊಂಡು ಬರವಣಿಗೆ. ಬೀದಿಯವರೆಲ್ಲ ಜರ್ಮನಿಯಮ್ಮ ಅನ್ನುತ್ತಿದ್ದರು. ನಾನೂ ಅಷ್ಟೇ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ನನ್ನಂಥ ಮೇಷ್ಟ್ರಿಗೆ ಮನೆಯಲ್ಲೇ ಉದಾಹರಣೆ ಸಿಕ್ಕರೆ ಕೇಳಬೇಕೆ! ಅವರಿಗೆ 'ನಾನು' ಮುಖ್ಯ, ನಮಗೆ 'ನಾವು'. ಅಲ್ಲಿ ಪಕ್ಕದ ಮನೆಯವನು ಸತ್ತರೂ ಗೊತ್ತಾಗುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿ, ಆಕೆಯ ಮುಚ್ಚಿದ ಬಾಗಿಲನ್ನು ಸಾಕ್ಷಿಗೆ ತರುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನನಗೂ ಖುಷಿ.

ಆ ವರ್ಷ ನಮ್ಮ ಅರಿಸಿನದ ಕೆಲಸಕ್ಕೆ ಮುಯ್ಯಾಳು ಕರೆದಿದ್ದೆವು. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ, ಕೂಲಿಯ ಮಾತಿಲ್ಲ. ಯಾರೂ ಕರೆಯದಿದ್ದರೂ ಆಕೆ ಬಂದು, ಹೆಂಗಸರ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಮೂರು ದಿನ ಗೆಡ್ಡೆ ಮುರಿದಳು. ಕೈಯೆಲ್ಲ ಹಳದಿ. ಅವ್ವ ತನ್ನ ತಟ್ಟೆಯ ಮುದ್ದೆಯನ್ನೇ ಮುರಿದು ಕೊಟ್ಟಳು. ನಾಲ್ಕನೆಯ ದಿನ ಆಕೆ ಬರಲಿಲ್ಲ.

ಮುಯ್ಯಾಳು ಬರದಿದ್ದರೆ ಯಾರಾದರೂ ಅವರ ಬಾಗಿಲಿಗೆ ಹೋಗಿ ಕೂಗಲೇಬೇಕು, ಹುಷಾರಿಲ್ಲವೋ, ಮನೆಯಲ್ಲಿ ಏನಾದರೂ ಆಯಿತೋ ಅಂತ. ಅವ್ವ ಸೆರಗು ಕೊಡವಿಕೊಂಡು ಎದ್ದಳು.

"ಅಮ್ಮಿ ಯಾಕೋ ಬರ್ನೇ ಇಲ್ವಲ್ಲ ಕಣ್ಲಾ. ಓಗಿ ಕೂಗ್ಬುಟ್ಟು ಬತ್ತೀನಿ."

"ಸುಮ್ಕಿರವ್ವ," ಅಂದೆ. "ಅವ್ರು ನಮ್ಮಂಗಲ್ಲ. ಒಬ್ರೇ ಇರ್ಬೇಕು ಅಂತಾರೆ. ಬಾಗ್ಲು ತಟ್ಟುದ್ರೆ ಬೇಜಾರ್ ಮಾಡ್ಕತಾರೆ."

"ಅಂಗಂತೀಯಾ?" ಅಂದವಳು ಮತ್ತೆ ಕೂತುಬಿಟ್ಟಳು. ಓದಿದ ಮಗನ ಮಾತು, ನಂಬಿದಳು.

ಮರುದಿನ ಆಕೆಯ ಹೊಸ್ತಿಲ ಮೇಲೆ ಹಾಲಿನ ಪ್ಯಾಕೆಟ್ಟು ಎರಡಿದ್ದವು. ನಾನು ನೋಡಿಕೊಂಡೇ ಸ್ಕೂಲಿಗೆ ಹೋದೆ. ಥೂ, ಅಷ್ಟು ಹತ್ತಿರದಿಂದ ನೋಡಿಕೊಂಡು ಹೋದೆನಲ್ಲ! ಆಕೆ ಕಾಣದ ಮೂರನೆಯ ಬೆಳಿಗ್ಗೆ ಅವ್ವ ನನ್ನನ್ನು ಕೇಳಲಿಲ್ಲ. ತಾನೇ ಹೋಗಿ ತಟ್ಟಿದಳು, ಕೂಗಿದಳು, ಬೀದಿಯನ್ನೇ ಸೇರಿಸಿದಳು. ಚಿಲಕ ಮುರಿದು ಒಳಗೆ ಹೋದರೆ, ಮೈ ಸುಡುವ ಜ್ವರದಲ್ಲಿ ನೆಲದ ಮೇಲೆ ಬಿದ್ದಿದ್ದಳು, ಎಚ್ಚರವಿರಲಿಲ್ಲ. ಬಾಗಿಲಿನ ಒಳಮೈಯಲ್ಲಿ, ಮೊಣಕಾಲೆತ್ತರದಲ್ಲಿ, ಅರಿಸಿನದ ಬೆರಳ ಗುರುತುಗಳಿದ್ದವು. ಒಳಗಿನಿಂದ ಆಕೆಯೂ ತಟ್ಟಿದ್ದಳು.

ಚಾಮರಾಜನಗರದ ಆಸ್ಪತ್ರೆಯಲ್ಲಿ ನಾಲ್ಕು ದಿನಕ್ಕೆ ಮಾತಾಡುವಂತಾದಳು. ಅವ್ವನ ಕೈ ಬಿಟ್ಟಿರಲಿಲ್ಲ. ನಾನು ಮಂಚದ ತುದಿಯಲ್ಲಿ ನಿಂತು ಏನೇನೋ ಒದರಿದೆ, ನಿಮ್ಮ ದೇಶದಲ್ಲಿ ಹಾಗೆಲ್ಲ ಬಾಗಿಲು ತಟ್ಟಬಾರದಂತಲ್ಲ, ಅದಕ್ಕೇ...

"ನಮ್ಮ ಊರಲ್ಲೂ ತಟ್ಟುತ್ತಾರೆ ಮೇಷ್ಟ್ರೇ," ಅಂದಳು, ಕಲಿತಿದ್ದ ಅಷ್ಟಿಷ್ಟು ಕನ್ನಡದಲ್ಲಿ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ವಾರದೊಳಗೆ ಆಕೆಯ ಕಡೆಯವರು ಬಂದು ಕರೆದುಕೊಂಡು ಹೋದರು. ಮತ್ತೆ ಬರಲಿಲ್ಲ. ಕೊಟ್ಟಿದ್ದ ಫೋನ್ ನಂಬರಿಗೂ ಉತ್ತರವಿರಲಿಲ್ಲ. "ಆ ಅಮ್ಮಿ ಮೂರ್ ದಿನದ್ ಮುಯ್ಯಿ ಅಂಗೇ ಉಳ್ಕತು ಕಣ್ಲಾ" ಎಂದು ಅವ್ವ ತೀರಿಹೋಗುವ ತನಕ ಹೇಳುತ್ತಿದ್ದಳು. ನನ್ನನ್ನು ಮಾತ್ರ ಒಂದು ದಿನವೂ ಬೈಯಲಿಲ್ಲ. ಆ ಮಾತು ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. 'ನಾನು', 'ನಾವು' ಎನ್ನುವ ಆ ಪಾಠ ಬಂದರೆ ಈಗ ಪುಸ್ತಕದಲ್ಲಿರುವಷ್ಟನ್ನೇ ಓದಿ ಮುಗಿಸುತ್ತೇನೆ.

ಬಸ್ಸಿನಲ್ಲಿ ಪಕ್ಕದವರು ಭುಜ ಮುಟ್ಟಿ ಮತ್ತೆ ಕೇಳಿದರು.

"ಯಾವೂರಾಯ್ತು ಸಾ?"

ತೆರಕಣಾಂಬಿ ಎಂದೆ. ನಮ್ಮ ಕಡೆ ಯಾರೇ ಸಿಕ್ಕರೂ ಮೊದಲು ಕೇಳುವ ಮಾತು ಅದು. ಸಂತೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಎಷ್ಟು ಜನರನ್ನು ನಾನೇ ಕೇಳಿಲ್ಲ! ಒಂದು ವರ್ಷ ನಮ್ಮ ಅಂಗಳದಲ್ಲಿದ್ದ ಆಕೆಯನ್ನು ಮಾತ್ರ ಕೇಳಲಿಲ್ಲ. ಆಕೆಯ ದೇಶದವರು ಎಂಥವರೆಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ಆಕೆಯ ಊರು ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.