ಕೃಷ್ಣಗಿರಿಯಲ್ಲಿ ನಿಂತ ಹತ್ತಿ ಲಾರಿ

ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಏಳುತ್ತಿದ್ದ ಕಾಲ. ರಾಯಚೂರಿನ ಎಷ್ಟೋ ಲಾರಿಗಳು ಅಲ್ಲಿಗೆ ಸಿಮೆಂಟು, ಕಬ್ಬಿಣ ಹೊರುತ್ತಿದ್ದವು. ನಮ್ಮದು ಹತ್ತಿಯ ಗಾಡಿ. ದೇವದುರ್ಗ, ಮಾನ್ವಿ ಕಡೆಯ ಹತ್ತಿಯನ್ನು ರಾಯಚೂರಿನಲ್ಲಿ ಬೀಜ ಬಿಡಿಸಿ, ಒತ್ತಿ ಬೇಲು ಕಟ್ಟುತ್ತಿದ್ದರು. ಆ ಬೇಲುಗಳನ್ನು ನಾವು ಕೊಯಮತ್ತೂರಿನ ಗಿರಣಿಗಳಿಗೆ ಮುಟ್ಟಿಸುತ್ತಿದ್ದೆವು. ಆಂಧ್ರ ಹಾದು, ಬೆಂಗಳೂರಿನ ಮೂಲಕ ಹೊಸೂರಿನಲ್ಲಿ ತಮಿಳುನಾಡು ಹೊಗುವ ದಾರಿ. ಲಾರಿಗೆ ಇಬ್ಬರು ಚಾಲಕರು: ದೇವದುರ್ಗದ ಕೂಲಿಕಾರರ ಮಗನಾದ ನಾನು, ಮತ್ತು ನನಗಿಂತ ಬಹಳ ಹಿರಿಯನಾದ ಮಾನ್ವಿಯ ಚಾಚಾ. ಮನೆಯಲ್ಲಿ ಅವನದು ದಖನಿ ಉರ್ದು, ಹೊರಗೆ ಮಾನ್ವಿಯ ಕನ್ನಡ.

ಹೊರಡುವ ಹಿಂದಿನ ದಿನ ಚಾಚಾ ಯಾರ ಮಾತಿಗೂ ಸಿಗುತ್ತಿರಲಿಲ್ಲ. ಮೂರೂ ರಾಜ್ಯಗಳಿಗೆ ಪರ್ಮಿಟ್ ಇದೆಯೇ, ವಿಮೆ ನಡೆಯುತ್ತಿದೆಯೇ, ನಮ್ಮಿಬ್ಬರ ಲೈಸೆನ್ಸಿನ ಅವಧಿ ಮುಗಿದಿಲ್ಲವಲ್ಲ ಎಂದು ನೋಡುವನು. ಹತ್ತಿಗೆ ಕಿಡಿಯೇ ಶತ್ರು, ಹಾಗಾಗಿ ಬ್ಯಾಟರಿಯಿಂದ ಹಿಂದಿನ ದೀಪದವರೆಗೆ ತಂತಿಯನ್ನು ಬೆರಳಿನಿಂದ ಸವರಿಕೊಂಡು ಹೋಗುವನು. ಎಲ್ಲಿ ಕೈ ಬದಲಿಸಬೇಕು, ಎಲ್ಲಿ ಮಲಗಬೇಕು ಎಂಬುದೂ ಊರಲ್ಲೇ ತೀರ್ಮಾನವಾಗುತ್ತಿತ್ತು. ಧರ್ಮಪುರಿ ದಾಟಿದ ಮೇಲೆ ಬರುವ ತೊಪ್ಪೂರು ಘಾಟನ್ನು ಬೆಳಿಗ್ಗೆ, ನಿದ್ದೆ ಮಾಡಿ ಎದ್ದವನೇ ಇಳಿಸಬೇಕು. ಆ ಇಳುಕಲಿನ ಬುಡದಲ್ಲಿ ಬಿದ್ದ ಲಾರಿಗಳನ್ನು ಇಬ್ಬರೂ ಕಂಡಿದ್ದೆವು.

ಆ ಬೇಸಿಗೆಯಲ್ಲಿ ಒಮ್ಮೆ ಲಾರಿಯ ಮಾಲಕ ಇನ್ನಷ್ಟು ಬೇಲು ಏರಿಸಿ ಎಂದ. ಚಾಚಾ ಹಗ್ಗ ಬಿಗಿಯುತ್ತಲೇ ಹೇಳಿದ, "ತೂಕ ಮೀರಿದ್ರ ದಂಡ ನೀವು ಕಟ್ಟತೀರಿ ಸಾವಕಾರ್ರ. ಘಾಟಿನ್ಯಾಗ ಬ್ರೇಕ್ ಹಿಡೀಲಿಲ್ಲಂದ್ರ ಹೋಗೋರು ನಾವು." ಮಾಲಕ ಗೊಣಗುತ್ತಾ ಒಳಗೆ ಹೋದ.

ಅನಂತಪುರದ ತನಕ ನಾನು ಓಡಿಸಿದೆ. ಆಮೇಲೆ ಚಾಚಾ. ಮರುದಿನ ಹೊಸೂರು ದಾಟುವಾಗ ಅವನು ಎಡಗೈಯನ್ನು ಮತ್ತೆ ಮತ್ತೆ ಕೊಡವುತ್ತಿದ್ದ. ನಾನು ಕೂರುತ್ತೇನೆಂದರೆ, "ಇರ್ಲಿ ಬಿಡು, ಕೃಷ್ಣಗಿರಿಗೆ ಹೆಂಗೂ ನಿಂದರತೀವಲ್ಲ" ಎಂದ. ಕೃಷ್ಣಗಿರಿಯ ಹೊರಗೆ, ನಾವು ಯಾವಾಗಲೂ ನಿಲ್ಲಿಸುವ ಹುಣಸೆಮರದ ಹತ್ತಿರ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಕೀಲಿ ತೆಗೆದು ನನ್ನ ಕೈಗಿಟ್ಟ.

"ಎದಿ ಹಿಂಡಿದಂಗ ಆಗಾಕತ್ತದಲೇ. ಸ್ವಲ್ಪ ನೀರು ತಾ."

ನಾನು ಚಹಾದಂಗಡಿಯಿಂದ ತಂಬಿಗೆ ಹಿಡಿದು ಓಡಿ ಬರುವಷ್ಟರಲ್ಲಿ ಅವನು ಮರಕ್ಕೆ ಒರಗಿ ಕುಳಿತಿದ್ದ. ಒಂದು ಗುಟುಕು ಒಳಗೆ ಹೋಯಿತು. ಎರಡನೆಯದು ಗಡ್ಡದ ಮೇಲೆ ಇಳಿಯಿತು.

ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಎದೆ ಮುಟ್ಟಿ ನೋಡಿ, ಜೀವ ಹೋಗಿದೆ ಎಂದರು. ಪೊಲೀಸರು ಬಂದು ಕೇಳಬೇಕಾದ್ದನ್ನೆಲ್ಲ ಕೇಳಿದರು. ಅವನನ್ನು ಅದೇ ಲಾರಿಯಲ್ಲಿ ಮಾನ್ವಿಗೆ ಒಯ್ಯುತ್ತೇನೆಂದು ನಾನು ಹಟ ಹಿಡಿದೆ. ಸರಕಿನ ಗಾಡಿಯಲ್ಲಿ ಹೆಣ ಹಾಕಿಕೊಂಡು ಇಷ್ಟು ಗಡಿ ದಾಟಲು ಬಿಡುವುದಿಲ್ಲ, ಈ ಬಿಸಿಲಿಗೆ ದೇಹವೂ ತಡೆಯುವುದಿಲ್ಲ ಎಂದು ಪೊಲೀಸರು ಹೇಳಿದರು. ದಾರಿಯಲ್ಲಿ ಆಗಬಹುದಾದ ಎಲ್ಲವನ್ನೂ ಊರಲ್ಲೇ ಯೋಚಿಸಿದ್ದೆವು. ಇದೊಂದನ್ನು ಯೋಚಿಸಿರಲಿಲ್ಲ.

ಅಂಚೆ ಕಚೇರಿಯಿಂದ ರಾಯಚೂರಿಗೆ ಟ್ರಂಕ್ ಕಾಲ್ ಹಚ್ಚಿದೆ. ಮಾಲಕ ಮಾನ್ವಿಗೆ ಆಳು ಕಳಿಸಿದ. ಚಾಚಾನ ಹೆಂಡತಿ ಚಾಚಿಯ ಅಣ್ಣ ರಾಯಚೂರಿಗೆ ಬಂದು ಫೋನಿನಲ್ಲಿ ಅಳುತ್ತಾ, "ಅಲ್ಲೇ ಮಣ್ಣು ಕೊಡ್ರಪ್ಪಾ" ಎಂದ. ಅಷ್ಟರಲ್ಲಿ ಕೃಷ್ಣಗಿರಿಯ ಮಸೀದಿಯ ಹಿರಿಯರೇ ಆಸ್ಪತ್ರೆಗೆ ಬಂದಿದ್ದರು. ನೀರು ಹಾಕಿ, ಬಿಳಿ ಬಟ್ಟೆ ಸುತ್ತಿ, ಎಂದೂ ನೋಡದವನಿಗೆ ಹೆಗಲು ಕೊಟ್ಟರು. ನಾನೂ ಹಿಡಿ ಮಣ್ಣು ಹಾಕಿದೆ.

ಮಣ್ಣು ಮಾಡಿ ಬಂದು ಮತ್ತೆ ಫೋನು ಮಾಡಿದಾಗ ಮಾಲಕ ಕೇಳಿದ, "ಗಾಡಿ ಯಾವಾಗ ಬಿಡ್ತಿ? ಗಿರಣಿಯವ್ರು ಬಾಯಿ ಮಾಡಾಕತ್ತಾರ."

"ಇನ್ನೊಬ್ಬ ಡ್ರೈವರ್‌ನ್ನ ಕಳಸ್ರಿ. ಒಬ್ಬನೇ ಘಾಟ್ ಇಳಸಂಗಿಲ್ರಿ ನಾ."

"ನಿನಗ ಕೈಯಿಲ್ಲೇನಲೇ?"

"ಕೈ ಅದಾವ್ರಿ. ನಿದ್ದಿ ಇಲ್ರಿ."

ಅವನು ಬೈದ ಬೈಗುಳ ಇಲ್ಲಿ ಬೇಡ. ಬಸ್ಸು ಹಿಡಿದು ಇನ್ನೊಬ್ಬ ಚಾಲಕ ಬರುವವರೆಗೆ ನಾನು ಆ ಮರದ ಕೆಳಗೇ ಇದ್ದೆ. ಹತ್ತಿಯನ್ನು ಬಿಟ್ಟು ದೂರ ಹೋಗುವಂತಿರಲಿಲ್ಲ. ಚಾಚಾನ ಚಪ್ಪಲಿ ಕ್ಯಾಬಿನ್ನಿನಲ್ಲಿ ಪೆಡಲಿನ ಪಕ್ಕದಲ್ಲೇ ಇದ್ದವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ತೆಗೆಯುವುದು, ಮತ್ತೆ ಅಲ್ಲೇ ಇಡುವುದು ಮಾಡುತ್ತಿದ್ದೆ.

ಹೊಸ ಚಾಲಕ ಘಾಟು ಇಳಿಸಿದ. ನಾನು ಪಕ್ಕದಲ್ಲಿ ಕುಳಿತು ಗೇರು, ಬ್ರೇಕು ಎಂದು ಹೇಳುತ್ತಾ ಹೋದೆ. ಸರಕು ಒಂದು ಬೇಲೂ ನೆನೆಯದೆ, ಹರಿಯದೆ ಮುಟ್ಟಿತು.

ಮರಳಿದ ಮೇಲೆ ಮಾನ್ವಿಗೆ ಹೋದೆ. ಚಾಚಿ ಪರದೆಯ ಹಿಂದೆ ಕುಳಿತಿದ್ದಳು. "ಕಡೀಗೆ ನೀರು ಕುಡದ್ರೇನಪಾ?" ಎಂದಳು.

"ಹೌದವ್ವಾ. ನಾನೇ ಕುಡಿಸಿದೆ."

"ಅಲ್ಲಿ ನಮ್ಮ ಮಾತು ಆಡೋರು ಅದಾರೇನು?"

"ಅದಾರವ್ವಾ. ಮಣ್ಣು ಕೊಟ್ಟೋರೆಲ್ಲಾ ದಖನಿ ಮಾತಾಡೋರೇ."

ಪರದೆಯ ಹಿಂದೆ ಅಳು ಆಗ ಶುರುವಾಯಿತು.

ಒಮ್ಮೆ ಆ ಜಾಗ ನೋಡಬೇಕು ಎಂಬುದು ಅವಳ ಆಸೆ. ಸರಕಿನ ಲಾರಿಯಲ್ಲಿ ಜನರನ್ನು ಕೂರಿಸಿಕೊಳ್ಳುವುದನ್ನು ಚಾಚಾ ಜನ್ಮದಲ್ಲಿ ಒಪ್ಪಿದವನಲ್ಲ. ಮಳೆಗಾಲ ಕಳೆದ ಮೇಲೆ ಅವಳನ್ನೂ ಅವಳ ಅಣ್ಣನನ್ನೂ ಬಸ್ಸಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ಎದುರು ಬರುವ ಲಾರಿಗಳನ್ನೇ ನೋಡುತ್ತಿದ್ದಳು.

ಹೆಂಗಸರು ಒಳಗೆ ಬರುವಂತಿಲ್ಲವೆಂದು ಚಾಚಿ ಖಬರಸ್ತಾನದ ಗೇಟಿನಲ್ಲೇ ನಿಂತಳು. ನಾನೂ ಅವಳ ಅಣ್ಣನೂ ಒಳಗೆ ಹೋದೆವು. ಮಳೆಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಗೋಡೆಯ ಕಡೆ ಹೊಸ ಗೋರಿಗಳ ಗುಡ್ಡೆಗಳು ಎದ್ದಿದ್ದವು, ಹಳೆಯವು ಕುಸಿದು ನೆಲಕ್ಕೆ ಸಮವಾಗಿದ್ದವು. ನಾನು ಅತ್ತ ಹೋದೆ, ಇತ್ತ ಹೋದೆ. ಅವನದು ಯಾವುದೆಂದು ಗುರುತಾಗಲಿಲ್ಲ. ಕಾವಲಿನವನೂ ಹೊಸಬ.

ಹೊರಗೆ ಬಂದು ಅವಳ ಮುಂದೆ ನಿಂತೆ. "ಸಿಗವಲ್ದವ್ವಾ" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಗೇಟಿನ ಸರಳುಗಳಾಚೆ, ಆ ಹುಲ್ಲಿನ ಬಯಲನ್ನೇ ನೋಡುತ್ತಿದ್ದಳು.

"ಇರ್ಲಿ ಬಿಡು. ಇಲ್ಲಿದ್ದ ಎಲ್ಲಾರಿಗೂ ಫಾತಿಹಾ ಓದತೀನಿ" ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಎತ್ತಿದಳು.