ಪೆಂಡಾಲಿನೊಳಗೆ ತೊಂಬತ್ತು ಸಿಸಿ

ಆಥೋ ಮುದುಕಿಯ ಬೈಕು ತೊಂಬತ್ತು ಸಿಸಿಯದು. ಹಿಂದೊಮ್ಮೆ ನೀಲಿ ಬಣ್ಣ ಇತ್ತು. ನಡುಭಾಗ ತಗ್ಗು, ಕಾಲೆತ್ತಿ ಹಾಯಿಸುವ ಕಷ್ಟವಿಲ್ಲ. ಮುಂದೆ ಒಂದು ಕೊಕ್ಕೆ, ಹಿಂದೆ ಕ್ಯಾರಿಯರು. ಸಿಲೋ ಪಟ್ಟಣದ ಓಣಿಗಳಲ್ಲಿ ಅವಳು ಸೋಯಾ ಹಾಲಿನ ಗಿಣ್ಣು ಮಾರಿದ್ದು ಅದರ ಮೇಲೆ, ಮಗಳು ಲೀಫಾಂಗಳನ್ನು ಶಾಲೆಗೆ ಬಿಟ್ಟದ್ದು ಅದರ ಮೇಲೆ. ಗಂಡನಿಗೆ ಬೈಕು ಓಡಿಸಲು ಬರುತ್ತಿರಲಿಲ್ಲ, ಬದುಕಿರುವವರೆಗೂ ಅವಳ ಸೊಂಟ ಹಿಡಿದುಕೊಂಡು ಹಿಂದೆಯೇ ಕೂತ. ಒಮ್ಮೆ ಹಂದಿಮರಿಯೂ ಕೂತಿತ್ತು, ಅದು ಅವನಿಗಿಂತ ಸುಮ್ಮನಿತ್ತು.

ಆ ಭಾನುವಾರ ಅಳಿಯ ಹಾನ್ ತನ್ನ ಸಾವಿರ ಸಿಸಿಯ ಗಾಡಿಯಲ್ಲಿ ಬಂದ. ಆ ಸದ್ದಿಗೆ ಪಕ್ಕದ ಮನೆಯ ಕೋಳಿ ಗೋಡೆಯಿಂದ ಕೆಳಗೆ ಹಾರಿತು. ಲೀಫಾಂಗಳ ಅಪ್ಪಣೆ ಹೊತ್ತು ಬಂದಿದ್ದ, ಬಂದವನೇ ಒಪ್ಪಿಸಿದ: ಅಮ್ಮನಿಗೆ ವಯಸ್ಸಾಯಿತು, ಇನ್ನು ಬೈಕು ಸಾಕು, ಊಟಕ್ಕೆ ನಿನ್ನ ಹಿಂದೆ ಕೂರಿಸಿಕೊಂಡು ಬಾ, ನಾಳೆ ಆ ಹಳೇದನ್ನು ಗುಜರಿಗೆ ಹಾಕು.

"ಅಮ್ಮ, ಹತ್ತಿ," ಎಂದ.

ಆಥೋ ಸೀಟನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ಏಣಿ ತಂದಿದ್ದೀಯಾ?"

"ಕೈ ಹಿಡ್ಕೊಂಡು ಹತ್ತಿಸ್ತೀನಿ."

"ಹತ್ತಿಸ್ತೀಯ. ಇಳಿಸೋಕೆ ಬೆಂಕಿ ಆರಿಸೋರನ್ನ ಕರೀಬೇಕು."

"ಮತ್ತೆ ನಿಮ್ಮದೊಂದು ಬೈಕಾ? ಅದು ಹೊಲಿಗೆ ಮಿಷನ್ನು."

ಆಥೋಗೆ ಸಿಟ್ಟು ಬರಲಿಲ್ಲ, ಆದರೆ ಗುಜರಿಯ ಮಾತು ಎದೆಯಲ್ಲಿ ಕೂತಿತ್ತು. "ಒಂದು ಪಂತ ಕಟ್ಟೋಣ," ಎಂದಳು. "ಲೀಫಾಂಗ್ ಮನೆ ಬಾಗಿಲಿಗೆ ನಿನ್ನ ಗಾಡಿ ಮೊದಲು ಮುಟ್ಟಿದ್ರೆ ನಾಳೆ ನಾನೇ ಇದನ್ನ ಗುಜರಿಗೆ ತಳ್ಕೊಂಡು ಹೋಗ್ತೀನಿ. ನನ್ನದು ಮುಟ್ಟಿದ್ರೆ ಇನ್ಮೇಲೆ ಇದರ ಸುದ್ದಿಗೆ ಬರಬಾರದು, ನೀನೂ, ಅವಳೂ."

ಹಾನ್ ನಕ್ಕ ರಭಸಕ್ಕೆ ಹೆಲ್ಮೆಟ್ಟಿನ ಗಾಜು ಮಂಜಾಯಿತು. "ನಾನು ಒಂದು ನಿದ್ದೆ ಮಾಡಿ ಹೊರಡ್ಲಾ ಅಮ್ಮ?"

"ಬೇಡ, ಮುಂದೆ ಹೋಗು. ಬಾಗಿಲು ತೆಗೆಯೋಕೆ ಯಾರಾದ್ರೂ ಇರಲಿ."

ಅವನು ಹೋದ. ಅವಳು ಗಿಣ್ಣಿನ ಡಬ್ಬಿಯನ್ನು ರಬ್ಬರ್ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿದು, ಶುಂಠಿ ಪಾಕದ ಭರಣಿಯನ್ನು ಕೊಕ್ಕೆಗೆ ನೇತುಹಾಕಿದಳು. ಕಿಕ್ಕರಿಗೆ ಒದ್ದಳು. ಮೊದಲ ಸಲ ಏನೂ ಇಲ್ಲ, ಎರಡನೆಯ ಸಲ ಕೆಮ್ಮಿತು, ಮೂರನೆಯದಕ್ಕೆ ಎದ್ದಿತು.

ನದಿಯ ಏರಿ ಹತ್ತಿದವಳೇ ಎಕ್ಸಿಲೇಟರನ್ನು ಪೂರ್ತಿ ತಿರುಗಿಸಿದಳು. ಅವಳು ಓಡಿಸುವುದೇ ಹಾಗೆ, ಪೂರ್ತಿ. ಇಂಜಿನ್ನು ಅರಚುತ್ತದೆ, ಕನ್ನಡಿ ನಡುಗುತ್ತದೆ, ಕೆನ್ನೆಗೆ ಗಾಳಿ ಬಡಿಯುತ್ತದೆ, ಲೋಕವೇ ಹಿಂದಕ್ಕೆ ಹಾರುತ್ತಿದೆ ಅನ್ನಿಸುತ್ತದೆ. ಪಕ್ಕಕ್ಕೆ ನೋಡಿದರೆ ಈರುಳ್ಳಿ ಹೊಲದವರ ಕಂದು ನಾಯಿ ನಾಲಿಗೆ ಹೊರಗೆ ಹಾಕಿಕೊಂಡು ಜೊತೆಜೊತೆಗೇ ಓಡುತ್ತಿರುತ್ತದೆ. ಆ ನಾಯಿಗೂ ಅವಳಿಗೂ ಹಳೆಯ ಪೈಪೋಟಿ. ಇವತ್ತು ಅವಳೇ ಗೆದ್ದಳು. ಬಾಯಿ ತೆರೆದು ನಕ್ಕಾಗ ಒಂದು ನೊಣ ಒಳಗೆ ಹೋಯಿತು, ಹೋಗಲಿ ಎಂದು ಮತ್ತೆ ನಕ್ಕಳು.

ಲೀಫಾಂಗಳ ಓಣಿಗೆ ತಿರುಗಿದರೆ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಪೆಂಡಾಲು. ಪಕ್ಕದ ಛ್ವಾ ಮನೆಯವರ ಮದುವೆ. ಅಲ್ಲಿ ಮದುವೆ ಊಟ ಬೀದಿಯಲ್ಲೇ. ಯಾರೂ ತಕರಾರು ಮಾಡುವುದಿಲ್ಲ. ದಾಟುವವರು ಇಂಜಿನ್ ಆರಿಸಿ, ಶುಭವಾಗಲಿ ಎಂದು ಹೇಳಿ, ಮೆಲ್ಲಗೆ ದಾಟುತ್ತಾರೆ.

ಹಾನ್ ಆರಿಸಿರಲಿಲ್ಲ. ಅವಸರದಲ್ಲಿ ಎರಡು ಮೇಜುಗಳ ನಡುವೆ ಗಾಡಿ ತೂರಿಸಿದ್ದ. ಹ್ಯಾಂಡಲ್ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಮೇಜಿನ ಮೇಲಿನ ತೆಳು ಕೆಂಪು ಪ್ಲಾಸ್ಟಿಕ್ ಹಾಳೆ ಫ್ಯಾನಿನ ಗಾಳಿಗೆ ಹಾರಿ, ಕಾದ ಸೈಲೆನ್ಸರಿಗೆ ಸುತ್ತಿಕೊಂಡು ಕರಗಿ ಅಂಟಿತ್ತು. ಹಿಂದೆ ಸರಿಯೋಣವೆಂದರೆ ಸೂಪಿನ ಕೊಪ್ಪರಿಗೆ ಬಂದು ನಿಂತಿತ್ತು.

ಮದುಮಗನ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ನಮ್ಮ ಮದುಮಗಳ ಕಾರಿಗೂ ಇಷ್ಟು ಕೆಂಪು ಕಟ್ಟಿರಲಿಲ್ಲಪ್ಪ. ಇಳಿ, ಕೂತು ಊಟ ಮಾಡು. ಅದು ತಣ್ಣಗಾಗಲಿ."

ಆಥೋ ಇಂಜಿನ್ ಆರಿಸಿದಳು. "ಶುಭವಾಗಲಿ, ಶುಭವಾಗಲಿ," ಎನ್ನುತ್ತ ಎರಡೂ ಕಾಲು ನೆಲಕ್ಕೆ ಊರಿ, ಬಾತುಕೋಳಿಯಂತೆ ತಳ್ಳಿಕೊಂಡು ನಡೆದಳು. ಸ್ಟೂಲುಗಳು ಒಂದೊಂದಾಗಿ ಒಳಕ್ಕೆ ಸರಿದವು. ಯಾರೋ ಕೊಕ್ಕೆಗೆ ಕೋಳಿಕಾಲಿನ ಚೀಲ ಸಿಕ್ಕಿಸಿದರು, ಇನ್ಯಾರೋ ಸಿಗಡಿಯದು.

"ಆಥೋ ಅಕ್ಕ, ಡಬ್ಬಿಯಲ್ಲೇನು?"

"ಗಿಣ್ಣು," ಅಂದುಬಿಟ್ಟಳು. ಅಲ್ಲೇ ಕೆಟ್ಟಿತು. ಸುತ್ತಲೂ ಬಟ್ಟಲುಗಳು ಎದ್ದವು. ಮದುವೆ ಮನೆಯಲ್ಲಿ ಇಲ್ಲವೆನ್ನಲಾಗದು. ಬಡಿಸತೊಡಗಿದಳು. ಓರೆಗಣ್ಣಿನಲ್ಲಿ ನೋಡಿದರೆ ಆರು ಮಂದಿ ಗಂಡಸರು ಹಾನನ ಗಾಡಿಯನ್ನು ಎತ್ತಿ ಮೇಜು ದಾಟಿಸುತ್ತಿದ್ದಾರೆ.

"ಪಾಕ ನೀವೇ ಹಾಕ್ಕೊಳ್ರಮ್ಮ," ಎಂದು ಭರಣಿಯನ್ನು ಅಜ್ಜಿಯ ಮಡಿಲಿಗಿಟ್ಟು, ಡಬ್ಬಿ ಮುಚ್ಚಿ, ಕಾಲು ಬಡಿಯುತ್ತ ಹೊರಟಳು. ಹಿಂದೆ ಪೆಂಡಾಲಿಗೆ ಪೆಂಡಾಲೇ ಚಾಪ್‌ಸ್ಟಿಕ್ಕಿನಿಂದ ಬಟ್ಟಲು ಬಾರಿಸಿತು. ಮುಂದಿನ ಚಕ್ರ ಮಗಳ ಬಾಗಿಲಿಗೆ ಠಕ್ಕೆಂದು ಹೊಡೆಯಿತು.

ಲೀಫಾಂಗ್ ಬಾಗಿಲು ತೆಗೆದಳು. "ಅಮ್ಮ, ಇದನ್ಯಾಕೆ ತಂದೆ? ಹಾನ್ ಎಲ್ಲಿ?"

"ಮದುವೆಯಲ್ಲಿದ್ದಾನೆ."

ಸ್ವಲ್ಪ ಹೊತ್ತಿಗೆ ಹಾನ್ ಗಾಡಿಯನ್ನು ಪೆಂಡಾಲಿನ ಬಳಿಯೇ ಬಿಟ್ಟು ನಡೆದು ಬಂದ, ಬೂಟಿಗೆ ಕೆಂಪು ಚೂರು ಅಂಟಿತ್ತು. "ಮಾತು ಮಾತೇ ಅಮ್ಮ. ನಿಮ್ಮ ಬೈಕಿನ ಸುದ್ದಿಗೆ ಇನ್ನು ಬರಲ್ಲ," ಎಂದು ಕುರ್ಚಿಯಲ್ಲಿ ಕುಸಿದ.

ಲೀಫಾಂಗ್ ಮುಖ ಬಿಗಿದುಕೊಂಡು ಡಬ್ಬಿ ತೆರೆದಳು. "ಪಾಕ ಎಲ್ಲಿ? ಪಾಕ ಇಲ್ದಿರೋ ಗಿಣ್ಣು ಯಾರು ತಿಂತಾರೆ?"

ಇನ್ನೊಂದು ಭರಣಿ ಆಥೋಳ ಅಡುಗೆಮನೆಯಲ್ಲಿತ್ತು. ದೊಡ್ಡ ಗಾಡಿಯ ಸೈಲೆನ್ಸರ್ ಇನ್ನೂ ತಣ್ಣಗಾಗಿರಲಿಲ್ಲ, ಅಂಟಿದ ಪ್ಲಾಸ್ಟಿಕ್ ಕೀಳುವಂತಿರಲಿಲ್ಲ. ಆಥೋ ಕೀಲಿಯನ್ನು ಅಳಿಯನ ಕೈಗೆ ಹಾಕಿದಳು. "ಹೊಲಿಗೆ ಮಿಷನ್ನಲ್ಲಿ ಹೋಗಿ ಬಾ. ಏರಿ ಮೇಲೆ ಪೂರ್ತಿ ತಿರುಗಿಸು, ಹೆದರಬೇಡ."

ಅವನು ಹೋಗಿ ಬರಲು ಬೇಕಾದ್ದಕ್ಕಿಂತ ಬಹಳ ಹೊತ್ತಾಯಿತು. ಏರಿಯ ಮೇಲೆ ಆ ಸದ್ದು ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ಮೊಣಕಾಲು ಎರಡೂ ಹೊರಗೆ ಚಾಚಿಕೊಂಡು, ಹಲ್ಲು ಬಿಟ್ಟುಕೊಂಡು ಬಂದ.

"ಅಮ್ಮ, ಪೂರ್ತಿ ತಿರುಗಿಸಿದೆ. ನನ್ನ ಗಾಡೀನ ಇವತ್ತಿನವರೆಗೂ ಕಾಲುಭಾಗಾನೂ ತಿರುಗಿಸಿಲ್ಲ, ಪ್ರಾಣಭಯ. ಇದನ್ನ ಪೂರ್ತಿ, ಪೂರ್ತಿ ತಿರುಗಿಸಿದ್ರೂ ಒಂದು ನಾಯಿ..."

"ಕಂದು ನಾಯಾ?"

"ಅದೇ. ನನ್ನ ಸೋಲಿಸಿಬಿಡ್ತು."

"ಭರಣಿ?" ಎಂದಳು ಲೀಫಾಂಗ್.

ಹಾನ್ ಕೊಕ್ಕೆ ನೋಡಿದ. ಏನೂ ಇರಲಿಲ್ಲ. "ಈಗ್ಲೇ ತರ್ತೀನಿ," ಎಂದವನ ದನಿಯಲ್ಲಿ ಬೇಸರ ಒಂದಿಷ್ಟೂ ಇಲ್ಲ.

"ನಿನ್ನೊಬ್ಬನ್ನೇ ಕಳ್ಸಿದ್ರೆ ಮತ್ತೆ ಮರೀತೀಯ," ಎಂದು ಲೀಫಾಂಗ್ ಅಮ್ಮನ ಹೆಲ್ಮೆಟ್ ತಲೆಗೆ ಹಾಕಿಕೊಂಡು, ಮನೆಯ ಚಪ್ಪಲಿಯಲ್ಲೇ ಹಿಂದೆ ಕೂತಳು. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತಿರಲಿಲ್ಲ.

ಆಥೋ ಹೊಸ್ತಿಲ ಮೇಲೆ ಕೂತು ಕೋಳಿಕಾಲು ಬಿಚ್ಚಿದಳು. ಪೆಂಡಾಲು ಮತ್ತೊಮ್ಮೆ ಬಟ್ಟಲು ಬಾರಿಸಿತು. ಸದ್ದು ಏರಿ ಹತ್ತಿತು, ನಾಯಿ ಬೊಗಳಿತು, ಮಗಳ ಕಿರುಚಾಟ ಕೇಳಿತು. ಆಥೋಳ ಮನೆಗೆ ತಿರುಗುವ ಜಾಗ ಬಂತು, ಸದ್ದು ತಿರುಗದೆ ನೆಟ್ಟಗೆ ಮುಂದಕ್ಕೇ ಹೋಯಿತು.